ಕಾರು ತಗ್ಗಿಸುವ ಮುನ್ನ: ಕಲಬುರಗಿ ರಸ್ತೆಗೆ ಯಾವ ಸ್ಪ್ರಿಂಗ್, ಯಾವ ಅಲೈನ್‌ಮೆಂಟ್, ಯಾವ ಟೈರ್?

ಕಾರು ಲೋ ಮಾಡಿಸಬೇಕು ಅನ್ನುವ ಹುಡುಗರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ಇಳಿಸಬಹುದು? ಅದಕ್ಕಿಂತ ಮುಂಚೆ ಕೇಳಬೇಕಾದ ಮಾತು ಇನ್ನೊಂದಿದೆ. ಇಳಿಸಿದ ಮೇಲೆ ಚಕ್ರಗಳನ್ನು ಮತ್ತೆ ನೆಟ್ಟಗೆ ಕೂರಿಸಲು, ಅಂದರೆ ಅಲೈನ್‌ಮೆಂಟ್ ಮಾಡಲು, ಈ ಕಾರಿನಲ್ಲಿ ಯಾವ ಯಾವ ಬೋಲ್ಟ್ ತಿರುಗುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಎಷ್ಟು ಇಳಿಸಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಸಿಗದಿದ್ದರೆ ಟೈರ್ ಒಳಗಿನಿಂದ ಸವೆದು ತಂತಿ ಕಾಣುವವರೆಗೂ ಏನೂ ಗೊತ್ತಾಗುವುದಿಲ್ಲ. ಹೊರಗಿನಿಂದ ನೋಡಿದರೆ ಅದೇ ಟೈರ್ ಹೊಸದರ ಹಾಗೆ ಇರುತ್ತದೆ.

ಇಲ್ಲಿ ಬರೆದಿರುವುದು ನಮ್ಮ ಕಡೆ ನಿಜವಾಗಿ ಓಡುವ ಸ್ಪೋರ್ಟಿ ಕಾರುಗಳ ಬಗ್ಗೆ. ಪೋಲೊ ಜಿಟಿ, ಸ್ವಿಫ್ಟ್, ಐ20 ಎನ್ ಲೈನ್, ಹಳೆಯ ಸಿವಿಕ್, ಆಕ್ಟೇವಿಯಾ ಆರ್‌ಎಸ್ ಇಂಥವು. ಪೋರ್ಷೆಯೋ ಬಿಎಂಡಬ್ಲ್ಯೂ ಝಡ್4 ಕಾರೋ ಇರುವವರಿಗೆ ನನ್ನದು ಒಂದೇ ಮಾತು: ಅದು ಕಂಪನಿಯಿಂದಲೇ ತಗ್ಗಾಗಿ ಬಂದಿದೆ, ಇನ್ನೂ ಇಳಿಸಬೇಡಿ. ನಮ್ಮ ರಸ್ತೆಯಲ್ಲಿ ಅದನ್ನು ಇರುವ ಎತ್ತರದಲ್ಲಿ ಓಡಿಸುವುದೇ ಸಾಕಷ್ಟು ಕೆಲಸ.

ಇಳಿಸಿದಾಗ ಚಕ್ರಕ್ಕೆ ಏನಾಗುತ್ತದೆ

ಎರಡು ಅಳತೆ ನೆನಪಿಟ್ಟುಕೊಂಡರೆ ಸಾಕು. ಕ್ಯಾಂಬರ್ ಅಂದರೆ ಕಾರನ್ನು ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು. ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ಟೋ ಅಂದರೆ ಮೇಲಿನಿಂದ ನೋಡಿದಾಗ ಚಕ್ರ ನೇರ ನೋಡುತ್ತಿದೆಯೋ, ಒಳಕ್ಕೋ ಹೊರಕ್ಕೋ ತಿರುಗಿದೆಯೋ ಅನ್ನುವುದು. ಚಕ್ರದ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ ಇನ್, ಹೊರಕ್ಕಾದರೆ ಟೋ ಔಟ್. ಕಾರು ಇಳಿದಾಗ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಮತ್ತು ಟೈ ರಾಡ್ (ಚಕ್ರವನ್ನು ತಿರುಗಿಸುವ ಸ್ಟಿಯರಿಂಗ್ ಕಡ್ಡಿ) ಎರಡರ ಕೋನವೂ ಬದಲಾಗುತ್ತದೆ. ಅವೆರಡೂ ಒಂದೇ ಉದ್ದ ಇರುವುದಿಲ್ಲ, ಒಂದೇ ಜಾಗದಿಂದ ಹೊರಡುವುದೂ ಇಲ್ಲ. ಹಾಗಾಗಿ ಚಕ್ರ ಒಳಕ್ಕೆ ವಾಲುವುದರ ಜೊತೆಗೆ ಸ್ವಲ್ಪ ತಿರುಗಿಯೂ ಬಿಡುತ್ತದೆ. ಯಾವ ಕಡೆಗೆ ತಿರುಗುತ್ತದೆ ಅನ್ನುವುದು ಆಯಾ ಕಾರಿನ ಸ್ಟಿಯರಿಂಗ್ ರ‍್ಯಾಕ್ ಎಲ್ಲಿದೆ ಅನ್ನುವುದರ ಮೇಲೆ. ಅಂದಾಜಿನಲ್ಲಿ ಹೇಳಲು ಬರುವುದಿಲ್ಲ, ಅಳೆದೇ ನೋಡಬೇಕು.

ಟೈರ್ ಒಳಗಡೆ ಸವೆದರೆ ಎಲ್ಲರೂ ಕ್ಯಾಂಬರ್ ಮೇಲೆ ತಪ್ಪು ಹೊರಿಸುತ್ತಾರೆ. ನಿಜವಾಗಿ ಟೈರ್ ತಿನ್ನುವುದು ಜಾಸ್ತಿ ಟೋ. ಲೆಕ್ಕ ಹಾಕಿ ನೋಡಿ. ಒಂದು ಚಕ್ರದ ಟೋ ಕಾಲು ಡಿಗ್ರಿ ತಪ್ಪಿದೆ ಅಂತ ಇಟ್ಟುಕೊಳ್ಳೋಣ. ಕಣ್ಣಿಗೆ ಅದು ಕಾಣುವುದೇ ಇಲ್ಲ. ಆದರೆ ಕಾಲು ಡಿಗ್ರಿ ಅಂದರೆ ಕಾರು ಒಂದು ಕಿಲೋಮೀಟರ್ ಮುಂದೆ ಹೋಗುವಷ್ಟರಲ್ಲಿ ಆ ಟೈರನ್ನು ನಾಲ್ಕು ಮೀಟರ್‌ಗಿಂತ ಹೆಚ್ಚು ಅಡ್ಡಕ್ಕೆ ಎಳೆದ ಹಾಗೆ. ಹೈದರಾಬಾದ್‌ಗೆ ಹೋಗಲು 200 ಕಿ.ಮೀ. ಓಡಿಸಿದರೆ ಸುಮಾರು 870 ಮೀಟರ್ ಅಡ್ಡ ಎಳೆತ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ರಬ್ಬರನ್ನು ಅಷ್ಟು ದೂರ ಉಜ್ಜಿದರೆ ಏನುಳಿಯುತ್ತದೆ?

ಕ್ಯಾಂಬರ್ ಹಾಗಲ್ಲ. ಅದು ಕಾರಿನ ಭಾರವನ್ನು ಟೈರಿನ ಒಳ ಅಂಚಿನ ಕಡೆಗೆ ದೂಡುತ್ತದೆ, ಅಡ್ಡಕ್ಕೆ ಎಳೆಯುವುದು ಕಡಿಮೆ. ಟೋ ಸರಿಯಾಗಿದ್ದರೆ ಒಂದರಿಂದ ಒಂದೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಇಟ್ಟುಕೊಂಡೇ ಟೈರ್ ನೆಮ್ಮದಿಯಾಗಿ ಬಾಳುತ್ತದೆ. ಎರಡೂ ಕೂಡಿದಾಗ ಕಷ್ಟ. ಭಾರವೆಲ್ಲ ಒಳ ಅಂಚಿನ ಮೇಲೆ, ಆ ಅಂಚನ್ನೇ ಟೋ ಉಜ್ಜುತ್ತದೆ. ಲೋ ಮಾಡಿಸಿ ಅಲೈನ್‌ಮೆಂಟ್ ಮಾಡಿಸದ ಕಾರಿನಲ್ಲಿ ಆಗುವುದು ಇದೇ.

ಇನ್ನೊಂದು ವಿಷಯ ಕಡಿಮೆ ಜನ ಹೇಳುತ್ತಾರೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಚಕ್ರ ಹಿಡಿಯುವ ಜೋಡಣೆ) ಇರುವ ಕಾರನ್ನು ಅತಿಯಾಗಿ ಇಳಿಸಿದರೆ ಲೋವರ್ ಆರ್ಮ್ ಹೊರತುದಿ ಮೇಲೆದ್ದು ನಿಲ್ಲುತ್ತದೆ. ಆಗ ಕಾರಿನ ರೋಲ್ ಸೆಂಟರ್, ಅಂದರೆ ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರು ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಸ್ಪ್ರಿಂಗ್ ಗಟ್ಟಿ ಇಲ್ಲದಿದ್ದರೆ ತಗ್ಗಿಸಿದ ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ. ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ಟೋ ಕೂಡ ಕುಣಿಯುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ನಿಂತ ಕಾರನ್ನು ಎಷ್ಟು ಚೆನ್ನಾಗಿ ಅಲೈನ್ ಮಾಡಿದರೂ ಇದು ಹೋಗುವುದಿಲ್ಲ. ಅದಕ್ಕೇ ನಾನು 25 ರಿಂದ 30 ಮಿ.ಮೀ. ದಾಟಬೇಡಿ ಅನ್ನುವುದು.

ಮೊದಲು ಕಾರಿನ ಕೆಳಗೆ ನೋಡಿ

ಸ್ವಿಫ್ಟ್, ಐ20 ಥರದ ಕಾರುಗಳಲ್ಲಿ ಮುಂದಿನ ಸ್ಟ್ರಟ್ಟಿನ ಬುಡದಲ್ಲಿ ಎರಡು ದೊಡ್ಡ ಬೋಲ್ಟ್ ಇರುತ್ತವೆ. ಅದರಲ್ಲಿ ಒಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬಹುದು. ಅದರ ನಡು ಭಾಗ ಒಂದು ಬದಿಗೆ ಉಬ್ಬಿರುತ್ತದೆ, ತಿರುಗಿಸಿದರೆ ಚಕ್ರದ ವಾಲಿಕೆ ಬದಲಾಗುತ್ತದೆ. ಕಡಿಮೆ ಖರ್ಚಿನಲ್ಲಿ ಆಗುವ ಒಳ್ಳೆಯ ದಾರಿ ಇದು.

ಆಕ್ಟೇವಿಯಾದಲ್ಲಿ ಸ್ಟ್ರಟ್ ನೇರವಾಗಿ ಕ್ಲ್ಯಾಂಪಿನೊಳಗೆ ಕೂರುತ್ತದೆ. ಅಲ್ಲಿ ಕ್ಯಾಂಬರ್ ಬೋಲ್ಟ್‌ಗೆ ಜಾಗವೇ ಇಲ್ಲ. ಆರ್ಮ್‌ಗಳನ್ನು ಹೊತ್ತ ಚೌಕಟ್ಟನ್ನು, ಅಂದರೆ ಸಬ್‌ಫ್ರೇಮನ್ನು, ಸ್ವಲ್ಪ ಸರಿಸಿ ಎಡ ಬಲ ಸಮ ಮಾಡಬಹುದು, ಅಷ್ಟೇ. ಇನ್ನೂ ಬೇಕಾದರೆ ಸ್ಟ್ರಟ್ಟಿನ ತಲೆಗೆ ಕ್ಯಾಂಬರ್ ಪ್ಲೇಟ್ ಹಾಕಿಸಬೇಕು. ಅದರಲ್ಲಿ ರಬ್ಬರಿನ ಬದಲು ಲೋಹದ ಬೇರಿಂಗ್ ಇದ್ದರೆ ಪ್ರತಿ ಗುಂಡಿಯ ಸದ್ದೂ ಒಳಗೆ ಕೇಳುತ್ತದೆ.

ಹಿಂದೆ ನೋಡಿ. ಪೋಲೊ, ಸ್ವಿಫ್ಟ್, ಐ20 ಎಲ್ಲದರಲ್ಲೂ ಟಾರ್ಶನ್ ಬೀಮ್ ಇದೆ. ಎರಡೂ ಚಕ್ರವನ್ನು ಒಂದೇ ಅಡ್ಡ ತೊಲೆಗೆ ಕೂರಿಸಿರುತ್ತಾರೆ. ಇಳಿಸಿದರೂ ಹಿಂದಿನ ಕ್ಯಾಂಬರ್, ಟೋ ಹೆಚ್ಚು ಬದಲಾಗುವುದಿಲ್ಲ. ಅದು ದೊಡ್ಡ ಲಾಭ. ಆದರೆ ಬೀಮ್ ಬಾಗಿದ್ದರೆ ತಿರುಗಿಸಲು ಬೋಲ್ಟ್ ಇಲ್ಲ, ಶಿಮ್ ಅನ್ನುವ ತೆಳು ತಗಡು ಕೂರಿಸಿ ಸರಿಪಡಿಸಬೇಕು.

ಆಕ್ಟೇವಿಯಾ ಆರ್‌ಎಸ್, ಹಳೆಯ ಸಿವಿಕ್ ಇವುಗಳ ಹಿಂದೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಆರ್ಮ್‌ಗಳಿವೆ. ಇಂಥ ಕಾರನ್ನು ಇಳಿಸಿದರೆ ಹಿಂದಿನ ಚಕ್ರಗಳೂ ಒಳಕ್ಕೆ ವಾಲುತ್ತವೆ, ಟೋ ಕೂಡ ಬದಲಾಗುತ್ತದೆ. ಹಿಂದಿನ ಟೈರಿನ ಒಳ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ. ಮುಂದಿನದನ್ನಷ್ಟೇ ಅಲೈನ್ ಮಾಡಿಸಿ ಕಳಿಸಿದರೆ ಹಿಂದಿನ ಜೋಡಿ ಸದ್ದಿಲ್ಲದೆ ಹಾಳಾಗುತ್ತದೆ. ಈ ಕಾರುಗಳಿಗೆ ನಾಲ್ಕೂ ಚಕ್ರದ ಅಲೈನ್‌ಮೆಂಟ್ ಬೇಕೇ ಬೇಕು.

ತಗ್ಗಿಸುವ ಮೂರು ದಾರಿ

ಸ್ಪ್ರಿಂಗ್ ಕತ್ತರಿಸುವುದು ಮೊದಲನೆಯದು. ಇದನ್ನು ಮಾಡಿಸಬೇಡಿ. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದು ನಿಲ್ಲಿಸಲಾರದು. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ನೇತಾಡಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಎಡ ಬಲ ಎರಡನ್ನೂ ಒಂದೇ ಅಳತೆಗೆ ಕತ್ತರಿಸುವುದೂ ಕಷ್ಟ. ಎತ್ತರವೇ ಸಮ ಇಲ್ಲದ ಕಾರಿಗೆ ಅಲೈನ್‌ಮೆಂಟ್ ಮಾಡಿ ಏನು ಪ್ರಯೋಜನ?

ಎರಡನೆಯದು ಲೋಯರಿಂಗ್ ಸ್ಪ್ರಿಂಗ್. ಐಬಾಕ್, ಎಚ್ ಅಂಡ್ ಆರ್, ಕೋಬ್ರಾ ಇವೆಲ್ಲ ಹೆಸರುವಾಸಿ. ಸಾಮಾನ್ಯವಾಗಿ 25 ರಿಂದ 40 ಮಿ.ಮೀ. ಇಳಿಸುವ ಸೆಟ್ಟುಗಳು ಸಿಗುತ್ತವೆ. ಕಂಪನಿಯ ಶಾಕ್ಸ್ ಹೊಸದಾಗಿದ್ದು, ಇಳಿತ 30ರೊಳಗೆ ಇದ್ದರೆ ಅದೇ ಶಾಕ್ಸ್ ಜೊತೆ ಒಪ್ಪುವಂತೆ ನಡೆಯುತ್ತದೆ. 50,000 ಕಿ.ಮೀ. ಓಡಿ ದಣಿದ ಶಾಕ್ಸ್ ಮೇಲೆ ಹೊಸ ಗಟ್ಟಿ ಸ್ಪ್ರಿಂಗ್ ಕೂರಿಸಬೇಡಿ. ಕಾರು ಪುಟಿಯುತ್ತದೆ, ಚಕ್ರ ನೆಲ ಬಿಟ್ಟು ನೆಲ ಮುಟ್ಟಿ ಟೈರ್ ಮೇಲೆ ಅಲ್ಲಲ್ಲಿ ತಗ್ಗು ಬೀಳುತ್ತದೆ.

ಮೂರನೆಯದು ಕಾಯ್ಲೋವರ್. ಸ್ಪ್ರಿಂಗೂ ಶಾಕ್ಸೂ ಕೂಡಿದ ಸೆಟ್. ಎತ್ತರವನ್ನು ರಿಂಗ್ ತಿರುಗಿಸಿ ಬದಲಾಯಿಸಬಹುದು. ಒಳ್ಳೆಯ ಸೆಟ್ಟಿನ ಬೆಲೆ ಒಂದು ಲಕ್ಷದ ಆಸುಪಾಸಿಗೆ ಹೋಗುತ್ತದೆ. ದುಡ್ಡಿದ್ದವರಿಗೆ ಇದು ಚೆಂದ, ಯಾಕಂದರೆ ನಾಲ್ಕೂ ಮೂಲೆಯ ಎತ್ತರವನ್ನು ಸಮ ಮಾಡಬಹುದು. ಹಲವು ಸೆಟ್ಟುಗಳ ಜೊತೆ ಮುಂದಿನ ಕ್ಯಾಂಬರ್ ಪ್ಲೇಟೂ ಬರುತ್ತದೆ. ಆದರೆ ನೆನಪಿಡಿ: ಎತ್ತರ ಬದಲಾಯಿಸಿದಾಗಲೆಲ್ಲ ಟೋ ಬದಲಾಗುತ್ತದೆ. ಮಳೆಗಾಲಕ್ಕೆ ಎತ್ತರ ಮಾಡಿ, ಮದುವೆ ಸೀಸನ್‌ಗೆ ಇಳಿಸಿ ಅಂತ ಆಡುವ ಹಾಗಿಲ್ಲ. ಪ್ರತಿ ಸಲ ಅಲೈನ್‌ಮೆಂಟ್ ಮಾಡಿಸಬೇಕು. ಇನ್ನೊಂದು, ರಿಂಗ್ ತಿರುಗುವ ತಿರುಪಿನ ಗೆರೆಗಳಲ್ಲಿ ನಮ್ಮ ಕರಿಮಣ್ಣು ಹೊಕ್ಕು ಒಣಗಿದರೆ ಅದು ಕಚ್ಚಿಕೊಂಡು ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ತೊಳೆದು, ಬ್ರಶ್ ಹಾಕಿ, ಗ್ರೀಸ್ ಸವರಬೇಕು.

ಇವುಗಳಲ್ಲಿ ಕಲಬುರಗಿಯ ದಿನನಿತ್ಯದ ಕಾರಿಗೆ ಯಾವುದು? 25 ರಿಂದ 30 ಮಿ.ಮೀ. ಇಳಿಸುವ ಸ್ಪ್ರಿಂಗ್, ಅದಕ್ಕೆ ಹೊಂದುವ ಹೊಸ ಶಾಕ್ಸ್. ನನ್ನ ಆಯ್ಕೆ ಇದೇ, ಇದರಲ್ಲಿ ನನಗೆ ಅನುಮಾನ ಇಲ್ಲ. ಕಾರಣ ನಮ್ಮ ನೆಲ. ಕರಿ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ಅಲೆ ಅಲೆಯಾಗಿ ನಿಲ್ಲುತ್ತದೆ. ಸೇಡಂ, ಚಿಂಚೋಳಿ, ಆಳಂದ ಕಡೆ ಓಡಾಡುವವರಿಗೆ ಈ ಅಲೆ ಗೊತ್ತು. ಜೊತೆಗೆ ವಾಡಿ, ಮಳಖೇಡ ಕಡೆಯ ಸಿಮೆಂಟ್ ಲಾರಿಗಳು ಒತ್ತಿ ಮಾಡಿದ ಗಾಡಿಜಾಡು. 80ರ ವೇಗದಲ್ಲಿ ಅಲೆಯ ತಗ್ಗಿಗೆ ಇಳಿದರೆ ತುಂಬಾ ತಗ್ಗಿದ ಕಾರಿನ ಸಸ್ಪೆನ್ಶನ್ ಪೂರ್ತಿ ಕುಸಿದು ಬಂಪ್ ಸ್ಟಾಪಿಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರಿಗೆ, ಹೊಡೆಯುತ್ತದೆ. ಆ ಹೊಡೆತ ಟೈ ರಾಡ್, ಬುಷ್ (ಆರ್ಮಿನ ಕೀಲಿನ ರಬ್ಬರ್), ರಿಮ್ ಎಲ್ಲದಕ್ಕೂ ಹೋಗುತ್ತದೆ. ಮಾಡಿಸಿದ ಅಲೈನ್‌ಮೆಂಟ್ ಅಲ್ಲಿಗೆ ಮುಗಿಯಿತು.

ಹಂಪ್ ಲೆಕ್ಕವೂ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಮಾದರಿ ಹಂಪ್ 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ. ಅದನ್ನು ತಗ್ಗಿಸಿದ ಕಾರೂ ನಿಧಾನಕ್ಕೆ ದಾಟುತ್ತದೆ. ಊರೊಳಗಿನ ಹಂಪ್‌ಗಳು ಹಾಗಿರುವುದಿಲ್ಲ, ಗಿಡ್ಡಕ್ಕೆ ಕಡಿದಾಗಿ ಇರುತ್ತವೆ. ಪೋಲೊ ಥರದ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 165 ಮಿ.ಮೀ. ಆಸುಪಾಸು, ಅದೂ ಖಾಲಿ ಕಾರಿಗೆ. 40 ಕಳೆದರೆ ಉಳಿಯುವುದು 125. ಐದು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿಕೊಂಡು ಗಾಣಗಾಪುರಕ್ಕೆ ಹೊರಟರೆ ಇನ್ನೂ ಕಡಿಮೆ.

ಯಾವ ದಾರಿ ಹಿಡಿದರೂ ಒಂದು ಕೆಲಸ ಮಾತ್ರ ಬಿಡಬಾರದು. ಲೋವರ್ ಆರ್ಮಿನ ರಬ್ಬರ್ ಬುಷ್ ಬೋಲ್ಟನ್ನು ಕಾರು ಜ್ಯಾಕಿನ ಮೇಲೆ ಇದ್ದಾಗ ಬಿಗಿ ಮಾಡಬಾರದು. ಕಾರು ಚಕ್ರದ ಮೇಲೆ ನಿಂತಾಗ, ಹೊಸ ಎತ್ತರದಲ್ಲಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಬುಷ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಬುಷ್ ಹರಿದರೆ ಮತ್ತೆ ಟೋ ತಪ್ಪುತ್ತದೆ. ಮೇಸ್ತ್ರಿಗೆ ಇದನ್ನು ಮೊದಲೇ ಹೇಳಿ. ಗೊತ್ತಿದ್ದವರು ಖುಷಿಯಿಂದ ಒಪ್ಪುತ್ತಾರೆ. ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದನ್ನೂ ಅವತ್ತೇ ಸರಿ ಮಾಡಿಸಿ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿದಿದೆ. ಒಪ್ಪಿಗೆ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್ ಅಡಿ ಒಂದೊಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ವಿಮೆ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ. ವಾರಂಟಿ ಇನ್ನೂ ಇರುವ ಕಾರಾದರೆ ಇನ್ನೂ ಯೋಚಿಸಿ.

ಅಲೈನ್‌ಮೆಂಟ್: ಕಂಪನಿ ಅಂಕಿಯೋ, ಟ್ರ್ಯಾಕ್ ಅಂಕಿಯೋ

ರೇಸ್ ಟ್ರ್ಯಾಕಿಗೆ ಹೋಗುವವರು ಮುಂದೆ ಎರಡು, ಎರಡೂವರೆ ಡಿಗ್ರಿ ನೆಗೆಟಿವ್ ಕ್ಯಾಂಬರ್ ಇಡುತ್ತಾರೆ, ಸ್ವಲ್ಪ ಟೋ ಔಟ್ ಕೂಡ. ತಿರುವಿನಲ್ಲಿ ಕಾರು ವಾಲಿದಾಗ ಹೊರಗಿನ ಟೈರ್ ಪೂರ್ತಿ ಅಗಲಕ್ಕೆ ನೆಲ ಹಿಡಿಯಲಿ ಅಂತ. ಅದನ್ನು ನೋಡಿ ಇಲ್ಲಿಯವರೂ ಹಾಗೇ ಮಾಡಿಸುತ್ತಾರೆ.

ನಮ್ಮ ರಸ್ತೆ ನೋಡಿ. ಜೇವರ್ಗಿ ಕಡೆ ಹೋಗಿ, ಹುಮನಾಬಾದ್ ಕಡೆ ಹೋಗಿ, ಸೊಲ್ಲಾಪುರಕ್ಕೆ ಹೋಗಿ. ಎರಡೂ ಬದಿ ತೊಗರಿ ಹೊಲ, ನಡುವೆ ನೆಟ್ಟಗಿನ ರಸ್ತೆ. ಮಲೆನಾಡಿನ ಘಾಟಿ ಇಲ್ಲಿಲ್ಲ. ಚಕ್ರ ವಾಲಿಸಿಟ್ಟುಕೊಂಡರೆ ಅದಕ್ಕೆ ಇಲ್ಲಿ ಕೆಲಸವೇ ಇಲ್ಲ. ಗಂಟೆಗಟ್ಟಲೆ ನೇರ ಓಡುವಾಗ ಟೈರ್ ತನ್ನ ಒಳ ಅಂಚಿನ ಮೇಲೆ ನಿಂತು ಓಡುತ್ತದೆ, ಅಷ್ಟೇ. ಬ್ರೇಕ್ ಹಾಕಿದಾಗಲೂ ಟೈರಿನ ಪೂರ್ತಿ ಅಗಲ ಸಿಗುವುದಿಲ್ಲ.

ಹಾಗಾದರೆ ಕಂಪನಿ ಅಂಕಿಗೇ ತರಬೇಕಾ? ಟೋ ಮಟ್ಟಿಗೆ ಹೌದು. ಕಂಪನಿ ಹೇಳಿದ ಟೋ ಮಿತಿಯೊಳಗೆ, ಸೊನ್ನೆಗೆ ಹತ್ತಿರ ಅಥವಾ ತುಸು ಟೋ ಇನ್ ಕಡೆಗೆ ಇಡಿಸಿ. ಟೋ ಔಟ್ ಬೇಡ. ಹೈವೇಯಲ್ಲಿ ಸ್ಟಿಯರಿಂಗ್ ಚಡಪಡಿಸುತ್ತದೆ, ಲಾರಿಯ ಗಾಡಿಜಾಡಿನಲ್ಲಿ ಕಾರು ಅತ್ತಿತ್ತ ಎಳೆಯುತ್ತದೆ. ಕ್ಯಾಂಬರ್ ಮಾತ್ರ ಕಂಪನಿ ಅಂಕಿಗೆ ಪೂರ್ತಿ ಬರದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಮುಂದೆ ಒಂದರಿಂದ ಒಂದೂವರೆ ಡಿಗ್ರಿ ನೆಗೆಟಿವ್ ಒಳಗೆ ಬಂದು, ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಸಾಕು. ಎರಡು ಡಿಗ್ರಿ ದಾಟಿದರೆ ಕ್ಯಾಂಬರ್ ಬೋಲ್ಟಿಗೋ ಪ್ಲೇಟಿಗೋ ದುಡ್ಡು ಹಾಕಿ, ಇಲ್ಲವೇ ಕಾರನ್ನು ಸ್ವಲ್ಪ ಮೇಲೆತ್ತಿ.

ದುಡ್ಡಿನ ಲೆಕ್ಕದಲ್ಲೂ ಇದು ಗೊತ್ತಾಗುತ್ತದೆ. ಒಂದು ಸೆಟ್ ಟೈರಿಗೆ 30,000 ರೂಪಾಯಿ ಅಂತ ಇಟ್ಟುಕೊಳ್ಳಿ. 40,000 ಕಿ.ಮೀ. ಬಂದರೆ ಕಿಲೋಮೀಟರಿಗೆ 75 ಪೈಸೆ. ಟೋ ತಪ್ಪಿ 15,000ಕ್ಕೇ ಮುಗಿದರೆ ಕಿಲೋಮೀಟರಿಗೆ 2 ರೂಪಾಯಿ. ಅಲೈನ್‌ಮೆಂಟಿಗೆ ಹೋಗುವುದು ಕೆಲವು ನೂರು ರೂಪಾಯಿ.

ಎಲ್ಲಿ ಮಾಡಿಸುವುದು

ನಮ್ಮಲ್ಲಿ ಮೂರು ದಾರಿ ಇವೆ: ಊರಿನ ಟೈರ್ ಅಂಗಡಿಯ ತ್ರೀಡಿ ಮಶೀನ್, ಕಂಪನಿಯ ಸರ್ವಿಸ್ ಸೆಂಟರ್, ಇಲ್ಲವೇ ಹೈದರಾಬಾದ್‌ನ ದೊಡ್ಡ ಗ್ಯಾರೇಜ್.

ಕಂಪನಿ ಸರ್ವಿಸ್ ಸೆಂಟರಿನಲ್ಲಿ ನಿಮ್ಮ ಕಾರಿನ ಅಂಕಿ ಸರಿಯಾಗಿ ಸಿಗುತ್ತದೆ. ಆದರೆ ಸ್ಪ್ರಿಂಗ್ ಬದಲಾಯಿಸಿದ ಕಾರನ್ನು ಅವರು ಮುಟ್ಟದೇ ಇರಬಹುದು. ಮೊದಲೇ ಕೇಳಿ.

ಊರಿನ ಟೈರ್ ಅಂಗಡಿಯ ಮಶೀನ್ ಬಗ್ಗೆ ಕೆಲವರಿಗೆ ಅಪನಂಬಿಕೆ ಇದೆ. ನನಗಿಲ್ಲ. ತ್ರೀಡಿ ಮಶೀನ್ ಎಲ್ಲೇ ಇದ್ದರೂ ಅದು ಮಾಡುವುದು ಒಂದೇ ಕೆಲಸ. ಚಕ್ರಗಳಿಗೆ ಕಟ್ಟಿದ ಫಲಕಗಳನ್ನು ಕ್ಯಾಮೆರಾದಿಂದ ನೋಡಿ ಕೋನ ಲೆಕ್ಕ ಹಾಕುತ್ತದೆ. ಅದನ್ನು ಸರಿಯಾಗಿ ಬಳಸುತ್ತಾರಾ ಅನ್ನುವುದಷ್ಟೇ ಮುಖ್ಯ. ನಿಂತು ನೋಡಿ. ಫಲಕ ಕಟ್ಟಿದ ಮೇಲೆ ಕಾರನ್ನು ಹಿಂದೆ ಮುಂದೆ ತುಸು ಉರುಳಿಸಬೇಕು. ರಿಮ್ ಸೊಟ್ಟ ಇದ್ದರೆ ಅದರ ಲೆಕ್ಕ ಕಳೆಯುವುದು ಆಗಲೇ. ಗಾಳಿ ನಾಲ್ಕೂ ಟೈರಿಗೆ ಸರಿ ಇದೆಯಾ ಅಂತ ಮೊದಲು ನೋಡಬೇಕು. ಟೈ ರಾಡ್ ಎಂಡ್, ಬಾಲ್ ಜಾಯಿಂಟ್ ಅಲ್ಲಾಡಿಸಿ ನೋಡಬೇಕು. ಸಡಿಲ ಇರುವ ಜಾಯಿಂಟಿಗೆ ಅಲೈನ್‌ಮೆಂಟ್ ಮಾಡಿದರೆ ಗೇಟು ದಾಟುವಷ್ಟರಲ್ಲಿ ಅಂಕಿ ಬದಲಾಗಿರುತ್ತದೆ.

"ಸರ್, ಕ್ಯಾಂಬರ್ ಆಗಂಗಿಲ್ರಿ, ಟೋ ಅಷ್ಟೇ ಆಗ್ತದ್ರಿ" ಅನ್ನುವ ಮಾತು ನೀವು ಕೇಳಿಯೇ ಕೇಳುತ್ತೀರಿ. ಅದು ಸುಳ್ಳಲ್ಲ. ಹಲವು ಕಾರುಗಳಿಗೆ ಕಂಪನಿ ಕೊಟ್ಟಿರುವ ಹೊಂದಾಣಿಕೆ ಮುಂದಿನ ಟೋ ಒಂದೇ. ಅವರನ್ನು ದೂರಬೇಡಿ. ಆದರೆ ಕ್ಯಾಂಬರ್ ಎಷ್ಟಿದೆ ಅಂತ ಅಳೆದು ತೋರಿಸಲು ಹೇಳಿ. ಮೊದಲಿನ ಅಂಕಿ, ನಂತರದ ಅಂಕಿ ಎರಡೂ ಇರುವ ಪ್ರಿಂಟ್ ತೆಗೆದುಕೊಳ್ಳಿ. ಕೆಂಪು ಬಣ್ಣ ಹಸಿರಾಯಿತು ಅಂತ ಹೇಳಿದರೆ ಸಾಲದು, ಅಂಕಿ ಬೇಕು. ಪ್ರಿಂಟಿನಲ್ಲಿ 0°15′ ಅಂತ ಇದ್ದರೆ ಅದು ಹದಿನೈದು ಮಿನಿಟ್, ಅಂದರೆ ಕಾಲು ಡಿಗ್ರಿ. 0.15 ಅಂತ ಇದ್ದರೆ ಬೇರೆ. ಇದನ್ನು ಅದಲು ಬದಲು ಮಾಡಿಕೊಳ್ಳುವವರು ಬಹಳ.

ಹೈದರಾಬಾದ್ ಯಾವಾಗ? ಹಿಂದೆಯೂ ಆರ್ಮ್ ಹೊಂದಿಸಬೇಕಾದ ಕಾರು, ಕಾಯ್ಲೋವರ್ ಹಾಕಿಸಿದ ಕಾರು, ಕ್ಯಾಂಬರ್ ಪ್ಲೇಟ್ ಇರುವ ಕಾರು ಇದ್ದಾಗ. ಇಂಥ ಕೆಲಸ ದಿನವೂ ಮಾಡುವ ಕೈ ಬೇಕು. ಉಳಿದದ್ದಕ್ಕೆ ಅಷ್ಟು ದೂರ ಹೋಗುವ ಅಗತ್ಯ ಇಲ್ಲ. ಹೋಗುವ ದಾರಿಯಲ್ಲೇ ತಪ್ಪಿದ ಟೋ ಟೈರನ್ನು ತಿನ್ನುತ್ತಿರುತ್ತದೆ. ಹಾಗಾಗಿ ಹೊರಡುವ ಮೊದಲು ಊರಲ್ಲೇ ಟೋ ಸರಿಮಾಡಿಸಿಕೊಂಡು ಹೋಗಿ.

ಯಾವಾಗ ಮಾಡಿಸುವುದು ಅನ್ನುವುದಕ್ಕೂ ಒಂದು ಕ್ರಮ ಇದೆ. ಸ್ಪ್ರಿಂಗ್ ಹಾಕಿದ ದಿನವೇ ಟೋ ಸರಿಮಾಡಿಸಿ. ಹೊಸ ಸ್ಪ್ರಿಂಗ್ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೂ ತುಸು ಕೂರುತ್ತದೆ. ಆಗ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಕೂತಿದೆಯಾ ಅಂತ ತಿಳಿಯಲು ಚಕ್ರದ ನಡುವಿನಿಂದ ಫೆಂಡರಿನ ಅಂಚಿನವರೆಗೆ ಟೇಪು ಹಿಡಿದು ನಾಲ್ಕೂ ಮೂಲೆ ಅಳೆದು ಬರೆದಿಟ್ಟುಕೊಳ್ಳಿ. ಎರಡು ವಾರದ ಅಂತರದಲ್ಲಿ ಅಂಕಿ ಬದಲಾಗದಿದ್ದರೆ ಕೂತಿದೆ ಅಂತ ಅರ್ಥ.

ಮನೆಯಲ್ಲೂ ಟೋ ಸುಮಾರಾಗಿ ಪರೀಕ್ಷೆ ಮಾಡಬಹುದು. ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದಿ ಫರ್ಸಿ ಇರುತ್ತದಲ್ಲ, ಅದು ಒಳ್ಳೆಯ ನೆಲ. ಗೌಂಡಿಯವರ ಲೆವೆಲ್ ಪೈಪಿನಿಂದ ನಾಲ್ಕೂ ಚಕ್ರದ ಜಾಗ ಮಟ್ಟ ಇದೆಯಾ ನೋಡಿ. ಕಾರಿನ ಎರಡೂ ಬದಿ, ಚಕ್ರದ ನಡುವಿನ ಎತ್ತರದಲ್ಲಿ, ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು ಕಟ್ಟಿ. ಸ್ಟಿಯರಿಂಗ್ ನೇರ ಇಟ್ಟು, ರಿಮ್ಮಿನ ಮುಂದಿನ ಅಂಚು ಮತ್ತು ಹಿಂದಿನ ಅಂಚು ದಾರದಿಂದ ಎಷ್ಟು ದೂರ ಇವೆ ಅಂತ ಅಳೆಯಿರಿ. ಗುಂಡಿಗೆ ಬಿದ್ದ ಮೇಲೆ ಏನಾದರೂ ಬದಲಾಗಿದೆಯಾ ಅಂತ ತಿಳಿಯಲು ಇಷ್ಟು ಸಾಕು. ಮಶೀನಿನ ಜಾಗಕ್ಕೆ ಇದು ಬರುವುದಿಲ್ಲ.

ಟೈರ್ ಆರಿಸುವಾಗ

ಕಾರು ತಗ್ಗಿಸಿದವರು ಸಾಮಾನ್ಯವಾಗಿ ದೊಡ್ಡ ರಿಮ್, ತೆಳು ಟೈರ್ ಹಾಕಿಸುತ್ತಾರೆ. ಅದು ನನಗೆ ಒಪ್ಪಿಗೆ ಇಲ್ಲ. ಸಸ್ಪೆನ್ಶನ್ ಕುಸಿಯುವ ಜಾಗ ಆಗಲೇ ಕಡಿಮೆ ಆಗಿದೆ, ಗುಂಡಿಯ ಹೊಡೆತ ತಡೆಯಲು ಉಳಿದಿರುವುದು ಟೈರಿನ ಬದಿಗೋಡೆ ಮಾತ್ರ. ಅದನ್ನೂ ತೆಳು ಮಾಡಿದರೆ ಬದಿ ಉಬ್ಬುತ್ತದೆ ಅಥವಾ ರಿಮ್ ಬಾಗುತ್ತದೆ. ಕಂಪನಿಯ ಸೈಜಿನಲ್ಲೇ ಇರಿ.

ಮಿಶಲಿನ್ ಪೈಲಟ್ ಸ್ಪೋರ್ಟ್ 4 ಥರದ ಸ್ಪೋರ್ಟ್ ಟೈರ್ ಹಿಡಿತ ಚೆನ್ನಾಗಿ ಕೊಡುತ್ತದೆ. ಅದರ ರಬ್ಬರ್ ಮೆದು, ಟೋ ತಪ್ಪಿದರೆ ಬೇಗ ಹೋಗುತ್ತದೆ. ದಿನವೂ ಓಡಾಡುವ ಕಾರಿಗೆ ಟೂರಿಂಗ್ ಟೈರ್ ಹೊಂದುತ್ತದೆ. ಬಾಳಿಕೆ ಜಾಸ್ತಿ, ಸದ್ದು ಕಡಿಮೆ. ಅಲೈನ್‌ಮೆಂಟ್ ಇನ್ನೂ ಖಾತ್ರಿ ಆಗದಿದ್ದರೆ ದುಬಾರಿ ಟೈರ್ ಹಾಕಿಸಲೇಬೇಡಿ. ಹಳೆಯ ಟೈರಿನಲ್ಲೇ ಎರಡು ಮೂರು ಸಾವಿರ ಕಿಲೋಮೀಟರ್ ಓಡಿಸಿ, ಸವೆತ ನೋಡಿ, ಆಮೇಲೆ ಹೊಸದು.

ತಗ್ಗಿಸಿದ ಕಾರಿಗೆ ಟೈರಿನ ಮಾದರಿಯೂ ಮುಖ್ಯ. ಒಳ ಹೊರ ಭೇದ ಇಲ್ಲದ ಸಾದಾ ಮಾದರಿಯ ಟೈರಾದರೆ ಒಳ ಅಂಚು ತುಸು ಹೆಚ್ಚು ಸವೆದಾಗ ರಿಮ್ಮಿನಿಂದ ಬಿಚ್ಚಿ ತಿರುಗಿಸಿ ಹಾಕಬಹುದು. ಒಳಗಿನ ಅಂಚು ಹೊರಗೆ ಬರುತ್ತದೆ, ಟೈರ್ ಇನ್ನಷ್ಟು ದಿನ ಬರುತ್ತದೆ. ಬಾಣದ ಗುರುತಿರುವ ಟೈರನ್ನು ಎಡಗಡೆಯದು ಬಲಗಡೆಗೆ ಹಾಕುವಾಗ ಮಾತ್ರ ಹೀಗೆ ತಿರುಗಿಸಬಹುದು. ಬದಿಯಲ್ಲಿ ಒಳಗೆ, ಹೊರಗೆ ಅಂತ ಬರೆದಿರುವ ಟೈರಿಗೆ ಈ ದಾರಿ ಇಲ್ಲ. ನಾನಾದರೆ ಮೊದಲನೆಯದನ್ನೇ ಹುಡುಕಿ ತರುತ್ತೇನೆ.

ಕೊಳ್ಳುವಾಗ ಟೈರಿನ ಬದಿಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ಗೋಡೌನಿನಲ್ಲಿ ಕೂತ ಹಳೆಯ ಟೈರ್ ಬೇಡ. ಗಾಳಿಯನ್ನು ಬೆಳಿಗ್ಗೆ, ಕಾರು ಓಡಿಸುವ ಮೊದಲೇ ನೋಡಬೇಕು. ಪ್ರತಿ 5 ರಿಂದ 6 ಡಿಗ್ರಿ ಉಷ್ಣಾಂಶ ಏರಿದಾಗ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಅಳೆದು ಜಾಸ್ತಿ ಇದೆ ಅಂತ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಇರುತ್ತದೆ. ಆಗ ಎರಡೂ ಅಂಚು ಸವೆಯುತ್ತವೆ.

ಸವೆತ ಓದುವುದು

ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಸವರಿ. ಟೈರ್ ತಣ್ಣಗಿರಲಿ, ತಂತಿ ಎದ್ದಿಲ್ಲ ಅಂತ ಕಣ್ಣಲ್ಲಿ ನೋಡಿಕೊಂಡೇ ಕೈ ಹಾಕಿ. ಒಂದು ಕಡೆಗೆ ಸವರಿದಾಗ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ ಅದು ಟೋ. ಹೊರಗಿನಿಂದ ಒಳಕ್ಕೆ ನುಣುಪಾಗಿ, ಒಳಗಿನಿಂದ ಹೊರಕ್ಕೆ ಚುಚ್ಚಿದರೆ ಟೋ ಇನ್ ಜಾಸ್ತಿ ಇದೆ. ಉಲ್ಟಾ ಇದ್ದರೆ ಟೋ ಔಟ್. ಚುಚ್ಚದೆ, ಒಳ ಅಂಚು ಮಾತ್ರ ನುಣ್ಣಗೆ ಸವೆದಿದ್ದರೆ ಅದು ಕ್ಯಾಂಬರ್. ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ಸ್ ಅಥವಾ ಬ್ಯಾಲೆನ್ಸಿಂಗ್. ಒಂದೇ ಟೈರ್ ಸವೆದು ಜೋಡಿಯದು ಚೆನ್ನಾಗಿದ್ದರೆ ಆ ಕಡೆಯ ಆರ್ಮ್ ಬಾಗಿರಬಹುದು, ಮಶೀನಿಗಿಂತ ಮೊದಲು ಕೆಳಗೆ ಬಗ್ಗಿ ನೋಡಿ.

ಮಳೆಗಾಲದಲ್ಲಿ ಒಂದು ಗೊಂದಲ ಆಗುತ್ತದೆ. ರಸ್ತೆ ಬದಿಗೆ ಇಳಿದಾಗ ಎರೆಮಣ್ಣು ರಿಮ್ಮಿನ ಒಳಗೆ ಮೆತ್ತಿಕೊಂಡು ಒಣಗುತ್ತದೆ. ಹೈವೇಗೆ ಬಂದ ಕೂಡಲೇ ಸ್ಟಿಯರಿಂಗ್ ನಡುಗುತ್ತದೆ. ಅಲೈನ್‌ಮೆಂಟ್ ಹೋಯಿತು ಅಂತ ಓಡಬೇಡಿ. ರಿಮ್ಮಿನ ಒಳಗೆ ಪೈಪು ಹಿಡಿದು ತೊಳೆಯಿರಿ. ನಡುಕ ಹೋಗದಿದ್ದರೆ ಆಗ ಬ್ಯಾಲೆನ್ಸಿಂಗ್.

ಕಾರು ತಗ್ಗಿಸಿದ ಮೇಲೆ ಮೊದಲ ಮೂರು ತಿಂಗಳು ಹದಿನೈದು ದಿನಕ್ಕೊಮ್ಮೆ ಒಳ ಅಂಚು ನೋಡಿ. ಮುಂದಿನದಕ್ಕೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಿಡಿದರೆ ಕಾಣುತ್ತದೆ. ಹಿಂದಿನದಕ್ಕೆ ಮೊಬೈಲನ್ನು ಬಂಪರ್ ಕೆಳಗೆ ಹಿಡಿದು ವಿಡಿಯೋ ಮಾಡಿಕೊಳ್ಳಿ. ಆಳ ಅಳೆಯುವ ಗೇಜ್ ಕಡಿಮೆ ಬೆಲೆಗೆ ಸಿಗುತ್ತದೆ. ಒಳ, ನಡು, ಹೊರ ಮೂರೂ ಕಡೆ ಅಳೆದು ಬರೆದಿಡಿ. ಒಳಗೂ ಹೊರಗೂ 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಮಶೀನಿಗೆ ಹೋಗಿ. ಹೊಸ ಟೈರಿನ ಆಳ 8 ಮಿ.ಮೀ. ಆಸುಪಾಸು, ಕಾನೂನಿನ ಕೊನೆಯ ಮಿತಿ 1.6. ಈ ಮಿತಿಯನ್ನು ಟೈರಿನ ಅತಿ ಸವೆದ ಜಾಗಕ್ಕೆ ಲೆಕ್ಕ ಹಾಕಿ. ಹೊರಗೆ 5 ಮಿ.ಮೀ. ಉಳಿದು ಒಳಗೆ 1.6 ಮುಟ್ಟಿದ್ದರೆ ಆ ಟೈರ್ ಮುಗಿದಿದೆ. ಅದನ್ನು ಹಾಕಿಕೊಂಡು ಹುಮನಾಬಾದ್ ಹೈವೇಗೆ ಏರಬೇಡಿ, ಅವತ್ತೇ ಬದಲಾಯಿಸಿ.